ಏಕಾದಶಿ ಎರಡು ದಿನ ಬಂದರೆ ಅದು ಬಗ್ ಅಲ್ಲ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಬಿಡುವಿನಲ್ಲಿ ಕನ್ನಡದಲ್ಲೊಂದು ಕ್ಯಾಲೆಂಡರ್ ಆ್ಯಪ್ ಬರೆಯುತ್ತಿದ್ದೇನೆ. ತಲೆ ಕೆಟ್ಟುಹೋಗಿದೆ. ಏಕಾದಶಿ ನಮ್ಮ ಮನೆಗೆ ಒಂದು ದಿನ, ಪಕ್ಕದ ಮನೆಗೆ ಮರುದಿನ. ಜನ್ಮಾಷ್ಟಮಿ ಉಡುಪಿಯಲ್ಲಿ ಬೇರೆ, ಈದ್ ಮಂಗಳೂರಿನಲ್ಲಿ ಬೇರೆ. ಇಷ್ಟೆಲ್ಲ ಕಂಪ್ಯೂಟರ್ ಇದ್ದೂ ಒಂದೇ ಸರಿಯಾದ ಕ್ಯಾಲೆಂಡರ್ ಯಾಕೆ ಮಾಡಲಾಗುತ್ತಿಲ್ಲ? ಈ ಧಾರ್ಮಿಕ ಲೆಕ್ಕಗಳೆಲ್ಲ ಹಳೆಯ ಕಾಲದ ಹೊರೆ ಅನಿಸುತ್ತದೆ. ನಾಳೆ ಮನುಷ್ಯ ಮಂಗಳ ಗ್ರಹಕ್ಕೆ ಹೋದರೆ ಇವು ತಾವಾಗೇ ಬಿದ್ದುಹೋಗುತ್ತವೆ ಅಲ್ವಾ? ನೀವು ಪ್ರೋಗ್ರಾಮರ್, ಇತಿಹಾಸ ಮತ್ತು ಸೈನ್ಸ್ ಫಿಕ್ಷನ್ ಓದುವವರು. ಏನನ್ನುತ್ತೀರಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಆ್ಯಪ್‌ನಲ್ಲಿ ಬಗ್ ಇಲ್ಲ. ಪಕ್ಕದ ಮನೆಯವರ ಪಂಚಾಂಗದಲ್ಲೂ ಇಲ್ಲ. ನೀವು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಅಂದುಕೊಂಡಿದ್ದೀರಿ, ತೊಂದರೆ ಇರುವುದು ಅಲ್ಲಿ. ಆಕಾಶದಲ್ಲಿ ಏನಾಗುತ್ತಿದೆ ಎನ್ನುವುದು ಒಂದು. ಅದನ್ನು ಯಾವ ದಿನದ ಲೆಕ್ಕಕ್ಕೆ ಹಾಕಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಒಂದೇ ಉತ್ತರ ಇರುತ್ತದೆ. ಎರಡನೆಯದನ್ನು ಜನ ಕೂತು ಮಾತಾಡಿ ಒಪ್ಪಿಕೊಂಡಿರುತ್ತಾರೆ, ಒಂದೊಂದು ಗುಂಪು ಒಂದೊಂದು ರೀತಿ ಒಪ್ಪಿಕೊಂಡಿರುತ್ತದೆ.

ಏಕಾದಶಿಯನ್ನೇ ತೆಗೆದುಕೊಳ್ಳಿ. ಭೂಮಿಯಿಂದ ನೋಡಿದಾಗ ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ ಮುಗಿಯುತ್ತದೆ. ಶುಕ್ಲ ಪಕ್ಷದಲ್ಲಿ ಈ ಅಂತರ 120 ಡಿಗ್ರಿ ಆದ ಕ್ಷಣ ಏಕಾದಶಿ ಶುರು, 132 ಆದ ಕ್ಷಣ ಮುಗೀತು. ಆ ಕ್ಷಣ ಬೆಂಗಳೂರಿಗೂ ನ್ಯೂಜೆರ್ಸಿಗೂ ಒಂದೇ. ಆದರೆ ಚಂದ್ರ ಒಂದೇ ವೇಗದಲ್ಲಿ ಓಡುವುದಿಲ್ಲ. ಹಾಗಾಗಿ ಒಂದು ತಿಥಿ ಕೆಲವೊಮ್ಮೆ 20 ಗಂಟೆಗೂ ಕಡಿಮೆ, ಕೆಲವೊಮ್ಮೆ 26 ಗಂಟೆಗೂ ಜಾಸ್ತಿ ಇರುತ್ತದೆ. ಉಪವಾಸ ಮಾಡುವವರಿಗೆ ಕ್ಷಣ ಸಾಕಾಗುವುದಿಲ್ಲ, ಒಂದು ದಿನ ಬೇಕು. ಯಾವ ದಿನ? ಸಾಮಾನ್ಯವಾಗಿ ಸ್ಮಾರ್ತರು ಸೂರ್ಯೋದಯಕ್ಕೆ ಯಾವ ತಿಥಿ ಇದೆ ಅಂತ ನೋಡುತ್ತಾರೆ. ಮಾಧ್ವರು ಅದಕ್ಕಿಂತ ನಾಲ್ಕು ಘಳಿಗೆ, ಅಂದರೆ 96 ನಿಮಿಷ ಮುಂಚೆ, ಅರುಣೋದಯದ ಹೊತ್ತಿಗೆ ನೋಡುತ್ತಾರೆ. ಆಗ ದಶಮಿ ಇನ್ನೂ ಉಳಿದಿದ್ದರೆ ಆ ದಿನ ಬೇಡ, ಮರುದಿನ. ಅಷ್ಟೇ ವಿಷಯ. ಇನ್‌ಪುಟ್ ಒಂದೇ, ನಿಯಮ ಎರಡು, ಉತ್ತರವೂ ಎರಡು.

ಉಡುಪಿಯದ್ದು ಇನ್ನೂ ಬೇರೆ. ಅಲ್ಲಿ ಸೌರಮಾನ. ಸೂರ್ಯ ಸಿಂಹ ರಾಶಿಯಲ್ಲಿರುವಾಗ ಬರುವ ಅಷ್ಟಮಿ, ರೋಹಿಣಿ ನೋಡುತ್ತಾರೆ. ಚಾಂದ್ರಮಾನದವರು ಶ್ರಾವಣ ಬಹುಳ ಅಷ್ಟಮಿ ನೋಡುತ್ತಾರೆ. ಕೆಲವು ವರ್ಷ ಎರಡೂ ಕೂಡಿ ಬರುತ್ತವೆ, ಕೆಲವು ವರ್ಷ ಒಂದು ತಿಂಗಳೇ ಅಂತರ. 2025ರಲ್ಲಿ ಬೆಂಗಳೂರಿನಲ್ಲಿ ಆಗಸ್ಟ್ ಮಧ್ಯದಲ್ಲಿ ಹಬ್ಬ ಮುಗಿದಿತ್ತು, ಉಡುಪಿಯಲ್ಲಿ ಸೆಪ್ಟೆಂಬರ್ ಮಧ್ಯದಲ್ಲಿ ಆಯಿತು. ಈದ್ ವಿಷಯ ಹೀಗಿಲ್ಲ. ಅಲ್ಲಿ ಲೆಕ್ಕಕ್ಕಿಂತ ಕಣ್ಣು ಮುಖ್ಯ. ಚಂದ್ರ ಕಂಡನೋ ಇಲ್ಲವೋ, ಯಾರ ಸಾಕ್ಷಿ ಒಪ್ಪಬೇಕು, ಎಷ್ಟು ದೂರದ ಊರಿನ ಸಾಕ್ಷಿ ನಮಗೂ ನಡೆಯುತ್ತದೆ, ಇವು ಪ್ರಶ್ನೆಗಳು. ದಕ್ಷಿಣ ಕನ್ನಡ, ಉಡುಪಿಯ ಮುಸ್ಲಿಮರು ಎಷ್ಟೋ ಸಲ ಕೇರಳದ ಕರಾವಳಿಯ ಜೊತೆ ಹಬ್ಬ ಮಾಡುತ್ತಾರೆ, ಬೆಂಗಳೂರಿನವರು ಮರುದಿನ.

ಈಗ ನಿಮ್ಮ ಇನ್ನೊಂದು ಮಾತಿಗೆ ಬರೋಣ. ಕಂಪ್ಯೂಟರ್ ಇದ್ದೂ ಯಾಕೆ ಒಂದೇ ಕ್ಯಾಲೆಂಡರ್ ಇಲ್ಲ ಅಂತ ಕೇಳುತ್ತೀರಿ. ಕಂಪ್ಯೂಟರಿನೊಳಗೇ ಒಂದು ಇಲ್ಲ ಸ್ವಾಮಿ! ನೀವು ದಿನಾ ಬಳಸುವ ಯೂನಿಕ್ಸ್ ಸಮಯ, ಅಂದರೆ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಿಂದ ಬಂದ ಗಡಿಯಾರದ ಎಣಿಕೆ, 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜವಲ್ಲ. ಭೂಮಿ ತಿರುಗುವುದು ಸ್ವಲ್ಪ ಏರುಪೇರು ಆಗುತ್ತದೆ ಅಂತ 1972ರಿಂದ ಆಗಾಗ ಒಂದು ಲೀಪ್ ಸೆಕೆಂಡ್ ಸೇರಿಸುತ್ತಾ ಬಂದಿದ್ದಾರೆ, ಈವರೆಗೆ 27. ಕೊನೆಯದು 2016ರ ಡಿಸೆಂಬರ್ 31ಕ್ಕೆ. ನಮ್ಮ ಗಡಿಯಾರದಲ್ಲಿ ಅದು 2017ರ ಜನವರಿ 1ರ ಬೆಳಗ್ಗೆ ಐದೂವರೆಗೆ ಸರಿಯಾಗಿ ಮುಂಚೆ ಬಂತು. ಯೂನಿಕ್ಸ್ ಸಮಯ ಈ ಸೆಕೆಂಡುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಜಿಪಿಎಸ್ 1980ರ ಜನವರಿ 6ರಿಂದ ಎಣಿಸುತ್ತದೆ, ಅದೂ ಲೀಪ್ ಸೆಕೆಂಡ್ ಸೇರಿಸುವುದಿಲ್ಲ, ಹಾಗಾಗಿ ಅದು ಗಡಿಯಾರದ ಸಮಯಕ್ಕಿಂತ 18 ಸೆಕೆಂಡು ಮುಂದಿದೆ. 2012ರ ಜೂನ್ 30ರಂದು ಸೇರಿಸಿದ ಒಂದೇ ಒಂದು ಸೆಕೆಂಡಿಗೆ ಜಗತ್ತಿನಾದ್ಯಂತ ಲಿನಕ್ಸ್ ಸರ್ವರ್‌ಗಳು ಒದ್ದಾಡಿದವು. ಕೊನೆಗೆ 2022ರಲ್ಲಿ ಅಳತೆ ಮತ್ತು ತೂಕದ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ದೇಶಗಳು ಸೇರಿ, 2035ರೊಳಗೆ ಈ ಪದ್ಧತಿಯನ್ನು ಬದಲಾಯಿಸಬೇಕು ಅಂತ ತೀರ್ಮಾನ ಮಾಡಿದವು. ಗಮನಿಸಿ, ಇದರಲ್ಲಿ ಧರ್ಮ ಎಲ್ಲೂ ಇಲ್ಲ. ಎಂಜಿನಿಯರುಗಳು, ಖಗೋಳ ವಿಜ್ಞಾನಿಗಳು ಕೂತು ವರ್ಷಗಟ್ಟಲೆ ವಾದ ಮಾಡಿದ್ದು. ಭೂಮಿಯ ಜೊತೆ ಹೆಜ್ಜೆ ಹಾಕಬೇಕಾ, ಅಣು ಗಡಿಯಾರದ ಜೊತೆಗಾ ಎನ್ನುವ ಪ್ರಶ್ನೆ. ಕಣ್ಣಿಗೆ ಕಾಣುವ ಆಕಾಶಕ್ಕೆ ಹೊಂದಿಸಿದ ದೃಗ್ಗಣಿತ ಪಂಚಾಂಗ ಸರಿಯೋ, ಹಳೆಯ ಗ್ರಂಥವಾದ ಸೂರ್ಯಸಿದ್ಧಾಂತದ್ದು ಸರಿಯೋ ಎನ್ನುವ ಜಗಳಕ್ಕೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಒಂದು ಬಿಂದುವಿನಿಂದ ಸುಮ್ನೆ ಎಣಿಸುತ್ತಾ ಹೋಗುವ ಉಪಾಯವೂ ನಮ್ಮ ಕಾಲದ್ದಲ್ಲ. ಭಾರತದ ಜ್ಯೋತಿಷಿಗಳು ಅಹರ್ಗಣ ಅಂತ ಲೆಕ್ಕ ಹಾಕುತ್ತಿದ್ದರು. ಕಲಿಯುಗದ ಮೊದಲ ದಿನದಿಂದ ಇವತ್ತಿಗೆ ಎಷ್ಟು ದಿನ ಕಳೆಯಿತು ಎನ್ನುವ ಸಂಖ್ಯೆ. ಆ ಮೊದಲ ದಿನ ಕ್ರಿ.ಪೂ. 3102ರ ಫೆಬ್ರವರಿಯಲ್ಲಿ ಬೀಳುತ್ತದೆ. ಆವತ್ತು ಯಾರೂ ಎಣಿಸಲು ಶುರುಮಾಡಿರಲಿಲ್ಲ. ಬಹಳ ಶತಮಾನಗಳ ನಂತರ ಗಣಿತಜ್ಞರು ಹಿಂದಕ್ಕೆ ಲೆಕ್ಕ ಹಾಕಿ, ಗ್ರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಸೇರುವ ಅನುಕೂಲದ ಬಿಂದು ಅಂತ ಆರಿಸಿಕೊಂಡದ್ದು. ಯೂರೋಪಿನಲ್ಲಿ 1583ರಲ್ಲಿ ಜೋಸೆಫ್ ಸ್ಕಾಲಿಗರ್ ಇದೇ ರೀತಿ ಹಿಂದಕ್ಕೆ ಹೋಗಿ ಕ್ರಿ.ಪೂ. 4713 ಅಂತ ಆರಿಸಿದ. ಇವತ್ತಿಗೂ ಖಗೋಳಶಾಸ್ತ್ರದಲ್ಲಿ ಬಳಸುವ ಜೂಲಿಯನ್ ದಿನಸಂಖ್ಯೆ ಅಲ್ಲಿಂದಲೇ ಎಣಿಕೆ.

ನನಗೆ ಜಾಸ್ತಿ ಇಷ್ಟವಾದ ಸಂಗತಿ ಇದರ ಮುಂದಿನದು. ಕಲಿಯುಗದಿಂದ ಎಣಿಸಿದರೆ ಸಂಖ್ಯೆ ದೊಡ್ಡದಾಗುತ್ತದೆ. 2000ದ ಜನವರಿ 1ಕ್ಕೆ ಅದು 18 ಲಕ್ಷ 63 ಸಾವಿರ ದಾಟಿತ್ತು. ಕೈಯಲ್ಲಿ ಗುಣಾಕಾರ ಮಾಡುವವನಿಗೆ ಅದು ಹಿಂಸೆ. ಆಗ 1520ರಲ್ಲಿ ಗಣೇಶ ದೈವಜ್ಞ ಗ್ರಹಲಾಘವ ಬರೆದ. ಆರಂಭದ ಬಿಂದುವನ್ನು ತನ್ನ ಕಾಲಕ್ಕೇ ತಂದ. ಅದರ ಮೇಲೆ 11 ವರ್ಷಕ್ಕೊಂದು ಚಕ್ರ, ಒಂದು ಚಕ್ರಕ್ಕೆ 4016 ದಿನ, ಚಕ್ರ ಮುಗಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಸಂಖ್ಯೆ ಯಾವತ್ತೂ ಅಂಕೆ ಮೀರುವುದಿಲ್ಲ. ಜ್ಯಾ (ಸೈನ್) ಕೋಷ್ಟಕಗಳ ಗೊಡವೆಯನ್ನೂ ತಪ್ಪಿಸಿದ. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಪಂಚಾಂಗದವರು ಶತಮಾನಗಳ ಕಾಲ ಇದನ್ನು ಹಿಡಿದುಕೊಂಡೇ ಕೆಲಸ ಮಾಡಿದರು. ಈಗ ಯೂನಿಕ್ಸ್ ಕಡೆ ನೋಡಿ. 1971ರ ಮೊದಲ ಕೈಪಿಡಿಯಲ್ಲಿ ಸೆಕೆಂಡಿನ ಅರವತ್ತನೇ ಒಂದು ಭಾಗವನ್ನು ಎಣಿಸುತ್ತಿದ್ದರು. 32 ಬಿಟ್‌ನಲ್ಲಿ, ಅಂದರೆ ಸೊನ್ನೆ, ಒಂದುಗಳ 32 ಅಂಕಿಯ ಜಾಗದಲ್ಲಿ, ಅದು ಎರಡೂಕಾಲು ವರ್ಷಕ್ಕೇ ತುಂಬಿಹೋಗುತ್ತಿತ್ತು, ಆರಂಭದ ದಿನವನ್ನು ಮುಂದೆ ಮುಂದೆ ತಳ್ಳಬೇಕಾಯಿತು, ಆಮೇಲೆ ಪೂರ್ತಿ ಸೆಕೆಂಡಿಗೆ ಬಂದರು. ಅದೂ 2038ರ ಜನವರಿ 19ಕ್ಕೆ, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತದೆ. ಅದರ ಮುಂದಿನ ಸೆಕೆಂಡಿಗೆ ಹಳೆಯ 32 ಬಿಟ್ ಯಂತ್ರಗಳು 1901ರ ಡಿಸೆಂಬರ್‌ಗೆ ಜಾರುತ್ತವೆ. ಗಣೇಶ ದೈವಜ್ಞನ ಎದುರು ಇದ್ದ ಸಮಸ್ಯೆಗೂ ಯೂನಿಕ್ಸ್ ಬರೆದ ಬೆಲ್ ಲ್ಯಾಬ್ಸ್‌ನವರ ಸಮಸ್ಯೆಗೂ ನಡುವೆ ನಾಲ್ಕೂವರೆ ಶತಮಾನ ಇದೆ. ಯೋಚನೆ ಮಾಡುವ ರೀತಿ ಮಾತ್ರ ಅದೇ.

ಇದನ್ನು ಹೇಳಿದ ಕೂಡಲೇ ಕೆಲವರು ನೋಡಿ ನಮ್ಮಲ್ಲಿ ಎಲ್ಲ ಮೊದಲೇ ಇತ್ತು ಅಂತ ಶುರುಮಾಡುತ್ತಾರೆ. ನಾನು ಹೇಳುತ್ತಿರುವುದು ಅದಲ್ಲ. ಲೆಕ್ಕ ಹಾಕುವ ಕೆಲಸ ಎಲ್ಲೆಲ್ಲಿ ಗಂಭೀರವಾಗಿ ನಡೆಯಿತೋ ಅಲ್ಲೆಲ್ಲ ಇಂಥ ಉಪಾಯಗಳು ಹುಟ್ಟಿವೆ. ಆ ಕೆಲಸವನ್ನು ಗಂಭೀರವಾಗಿ ಮಾಡಿಸಿದ್ದು ಹೆಚ್ಚಿನ ಕಡೆ ಧರ್ಮ, ಅದನ್ನು ಒಪ್ಪಿಕೊಳ್ಳಬೇಕು. ಯೂರೋಪಿನಲ್ಲಿ ಶತಮಾನಗಳ ಕಾಲ ಕಷ್ಟದ ಲೆಕ್ಕ ಅಂದರೆ ಈಸ್ಟರ್ ಯಾವ ಭಾನುವಾರ ಎನ್ನುವುದು. ಡೊನಾಲ್ಡ್ ಕ್ನೂತ್ ಕಂಪ್ಯೂಟರ್ ಪ್ರೋಗ್ರಾಮಿಂಗ್ ಬಗ್ಗೆ ಬರೆದ ಹೆಸರಾಂತ ಗ್ರಂಥದ ಮೊದಲ ಸಂಪುಟದಲ್ಲೇ ಈಸ್ಟರ್ ಕಂಡುಹಿಡಿಯುವ ಅಲ್ಗಾರಿದಂ ಅಭ್ಯಾಸವಾಗಿ ಕೂತಿದೆ. ಅವರು ಚರ್ಚಿಗೆ ಹೋಗುವ ಲೂಥರನ್ ಕೂಡ, ಬೈಬಲ್ ಬಗ್ಗೆ ಬೇರೆ ಪುಸ್ತಕ ಬರೆದಿದ್ದಾರೆ. ನಂಬಿಕೆ ಇದ್ದರೆ ಬುದ್ಧಿ ಮಂಕಾಗುತ್ತದೆ ಎನ್ನುವವರ ಮುಂದೆ ನಾನು ಅವರ ಹೆಸರನ್ನು ಇಡುತ್ತೇನೆ.

ಆ ಈಸ್ಟರ್‌ನಿಂದಲೇ ಇವತ್ತಿನ ಕ್ಯಾಲೆಂಡರ್ ಬಂದದ್ದು. ಜೂಲಿಯಸ್ ಸೀಸರನ ಕಾಲದ ಲೆಕ್ಕದಲ್ಲಿ ವರ್ಷಕ್ಕೆ 365.25 ದಿನ. ನಿಜವಾದ ಋತುಗಳ ವರ್ಷ 365.2422. ವ್ಯತ್ಯಾಸ ವರ್ಷಕ್ಕೆ 11 ನಿಮಿಷದ ಹತ್ತಿರ, ಆದರೆ 16ನೇ ಶತಮಾನದ ಹೊತ್ತಿಗೆ ಮಾರ್ಚ್ 21ಕ್ಕೆ ಬರಬೇಕಾದ ವಿಷುವ, ಅಂದರೆ ಈಸ್ಟರ್ ಲೆಕ್ಕಕ್ಕೆ ಆಧಾರವಾದ, ಹಗಲು ರಾತ್ರಿ ಸಮ ಇರುವ ದಿನ, ಮಾರ್ಚ್ 11ಕ್ಕೆ ಬಂದು ನಿಂತಿತ್ತು. 1582ರಲ್ಲಿ ಪೋಪ್ 13ನೇ ಗ್ರೆಗರಿ ಹತ್ತು ದಿನ ಕಿತ್ತುಹಾಕಿಸಿದ. ಅಕ್ಟೋಬರ್ 4 ಗುರುವಾರ, ಮರುದಿನ ಅಕ್ಟೋಬರ್ 15 ಶುಕ್ರವಾರ. ಪ್ರೊಟೆಸ್ಟೆಂಟ್ ದೇಶಗಳು ಒಪ್ಪಲಿಲ್ಲ. ಬ್ರಿಟನ್ ಒಪ್ಪಿದ್ದು 1752ರಲ್ಲಿ. ನಿಮ್ಮ ಲಿನಕ್ಸ್ ಟರ್ಮಿನಲ್ ತೆಗೆದು ಕ್ಯಾಲ್ ಕಮಾಂಡಿಗೆ 9 1752 ಕೊಟ್ಟು ನೋಡಿ. ಸೆಪ್ಟೆಂಬರ್ 2 ಬುಧವಾರ, ಪಕ್ಕದಲ್ಲೇ 14 ಗುರುವಾರ. ಬ್ರಿಟಿಷ್ ಪಾರ್ಲಿಮೆಂಟ್ ಮಾಡಿದ ಕಾನೂನು ಇವತ್ತಿಗೂ ನಿಮ್ಮ ಯಂತ್ರದಲ್ಲಿ ಓಡುತ್ತಿದೆ. ಇದರ ಬಿಸಿ ನಮ್ಮ ಕಡೆಗೂ ತಟ್ಟಿತ್ತು. 1751ರಲ್ಲಿ ಆರ್ಕಾಟಿಗಾಗಿ ಕಾದಾಡುತ್ತಿದ್ದಾಗ ಮದ್ರಾಸಿನ ಇಂಗ್ಲಿಷರ ಕಾಗದಕ್ಕೂ ಪಾಂಡಿಚೇರಿಯ ಫ್ರೆಂಚರ ಕಾಗದಕ್ಕೂ ತಾರೀಖಿನಲ್ಲಿ 11 ದಿನದ ಅಂತರ. ಒಂದೇ ಯುದ್ಧ, ಒಂದೇ ದಿನ, ಎರಡು ತಾರೀಖು. ರಷ್ಯಾ 1918ರವರೆಗೆ ಕಾಯಿತು, ಅದಕ್ಕೇ ಅಕ್ಟೋಬರ್ ಕ್ರಾಂತಿಯ ದಿನ ಈಗಿನ ಲೆಕ್ಕಕ್ಕೆ ನವೆಂಬರ್‌ನಲ್ಲಿ ಬರುತ್ತದೆ.

ಇಷ್ಟೆಲ್ಲ ಕಿತ್ತಾಟದಲ್ಲೂ ಒಂದು ಮಾತ್ರ ಅಲುಗಾಡಲಿಲ್ಲ, ವಾರ. ಗುರುವಾರದ ಮರುದಿನ ಶುಕ್ರವಾರವೇ ಬಂತು. ಇದು ನಮ್ಮ ಶಾಸನ ಓದುವವರಿಗೆ ದೊಡ್ಡ ವರ. ಶಾಸನಗಳಲ್ಲಿ ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ಜೊತೆಗೆ ವಾರ ಬರೆದಿರುತ್ತಾರೆ. 1896ರಲ್ಲಿ ರಾಬರ್ಟ್ ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ ಸೇರಿ ಕೋಷ್ಟಕಗಳನ್ನು ಮಾಡಿಕೊಟ್ಟ ಮೇಲೆ ಯಾವ ಶಾಸನದ ತಿಥಿ ಯಾವ ವಾರ ಬಿದ್ದಿತ್ತು ಅಂತ ಮನೆಯಲ್ಲಿ ಕೂತು ತಾಳೆ ನೋಡಬಹುದಾಯಿತು. ತಾಳೆಯಾದರೆ ದಾಖಲೆ ಗಟ್ಟಿ. ಆಗದಿದ್ದರೆ ಕೆತ್ತಿದವನು ತಪ್ಪಿರಬಹುದು, ಓದಿದವರು ತಪ್ಪಿರಬಹುದು, ಅಥವಾ ಆಮೇಲೆ ಯಾರೋ ಮಾಡಿಸಿದ ಕೂಟ (ನಕಲಿ) ಶಾಸನ ಇರಬಹುದು. ನೆಟ್‌ವರ್ಕ್‌ನಲ್ಲಿ ಕಳಿಸುವ ಪ್ಯಾಕೆಟ್ ದಾರಿಯಲ್ಲಿ ಕೆಟ್ಟಿದೆಯಾ ಅಂತ ತಿಳಿಯಲು ನಾವು ಚೆಕ್‌ಸಮ್ ಹಾಕುತ್ತೇವಲ್ಲ, ವಾರ ಅದೇ ಕೆಲಸ ಮಾಡುತ್ತದೆ. ಐಹೊಳೆಯ ರವಿಕೀರ್ತಿಯ ಶಾಸನ ಇನ್ನೊಂದು ರೀತಿ ಅದ್ಭುತ. ಭಾರತ ಯುದ್ಧದಿಂದ 3735 ವರ್ಷ, ಶಕರಾಜರ ಕಾಲದಿಂದ 556 ವರ್ಷ ಅಂತ ಎರಡು ಲೆಕ್ಕವನ್ನೂ ಒಟ್ಟಿಗೆ ಕೊಡುತ್ತದೆ. ಕ್ರಿ.ಶ. 634ರ ಹೊತ್ತಿನದು. ಒಂದು ಎಣಿಕೆಯನ್ನು ಇನ್ನೊಂದಕ್ಕೆ ಜೋಡಿಸುವ ಕೊಂಡಿಯನ್ನು ಕಲ್ಲಿನಲ್ಲೇ ಬರೆದಿಟ್ಟ ಹಾಗಾಯಿತು. ಬರೀ ಸಂವತ್ಸರದ ಹೆಸರು ಕೊಟ್ಟು ಶಕವರ್ಷ ಬಿಟ್ಟ ಶಾಸನಗಳೂ ಇವೆ. ಪ್ರಭವದಿಂದ ಅಕ್ಷಯದವರೆಗೆ 60 ಹೆಸರು ಮುಗಿದರೆ ಮತ್ತೆ ಪ್ರಭವ. ಅದು ಯಾವ ಸುತ್ತಿನ ಪ್ರಭವ? ಲಿಪಿ ನೋಡಿ, ಅರಸನ ಹೆಸರು ನೋಡಿ ಊಹಿಸಬೇಕು. ವರ್ಷಕ್ಕೆ ಎರಡೇ ಅಂಕಿ ಇಟ್ಟು, 00 ಅಂದರೆ 1900ವೋ 2000ವೋ ತಿಳಿಯದೆ 1999ರಲ್ಲಿ ಬೆವರಿದ, ಕೋಬಾಲ್ ಎಂಬ ಹಳೆಯ ಭಾಷೆಯ ಪ್ರೋಗ್ರಾಂಗಳದ್ದೂ ಇದೇ ಕಥೆ. ಆಗ ಏನೂ ಆಗಲಿಲ್ಲ, ಸುಮ್ನೆ ಹೆದರಿಸಿದರು ಎನ್ನುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಬೆಂಗಳೂರಿನಲ್ಲೂ ಸೇರಿ ಎಷ್ಟೋ ಜನ ರಾತ್ರಿ ಹಗಲು ಕೂತು ಸಾಲು ಸಾಲಾಗಿ ಸರಿಮಾಡಿದರು, ಅದಕ್ಕೇ ಏನೂ ಆಗಲಿಲ್ಲ.

ಹಾಗಾದರೆ ಎಲ್ಲ ಒಗ್ಗೂಡಿಸಿ ಒಂದೇ ಮಾಡಲು ಯಾರೂ ನೋಡಲಿಲ್ಲವಾ? ನೋಡಿದರು. ಫ್ರಾನ್ಸಿನ ಕ್ರಾಂತಿಕಾರಿಗಳು 1793ರಲ್ಲಿ ಹತ್ತು ದಿನದ ವಾರ ತಂದರು, ದಿನಕ್ಕೆ ಹತ್ತು ಗಂಟೆ ಅಂದರು. ಗಣಿತಕ್ಕೆ ಅಚ್ಚುಕಟ್ಟು. ಆದರೆ ರಜೆ ಏಳಕ್ಕೊಮ್ಮೆ ಬರುತ್ತಿದ್ದದ್ದು ಹತ್ತಕ್ಕೊಮ್ಮೆ ಆಯಿತು, ಜನ ಭಾನುವಾರ ಬಿಡಲಿಲ್ಲ. 1806ರ ಜನವರಿ 1ಕ್ಕೆ ನೆಪೋಲಿಯನ್ ಅದನ್ನು ಕೈಬಿಟ್ಟ. ಸೋವಿಯತ್ ಸರ್ಕಾರ 1929ರಲ್ಲಿ ಐದು ದಿನದ ವಾರ, ಆಮೇಲೆ ಆರು ದಿನದ ವಾರ ಮಾಡಿ 1940ರಲ್ಲಿ ಮತ್ತೆ ಏಳಕ್ಕೆ ಬಂತು.

ನಮ್ಮದು ಇವೆಲ್ಲಕ್ಕಿಂತ ಒಳ್ಳೆಯ ಪ್ರಯತ್ನ. 1952ರಲ್ಲಿ ಖಗೋಳ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು. ದೇಶದಲ್ಲಿ 30 ಬಗೆಯ ಪಂಚಾಂಗಗಳು ಚಾಲ್ತಿಯಲ್ಲಿದ್ದವು. ಸಹಾ ಅವರ ತಂಡ ಋತುಗಳಿಗೆ ಸರಿಯಾಗಿ ಹೊಂದುವ, ತಿಂಗಳಿಗೆ 30 ಅಥವಾ 31 ದಿನದ ಕ್ಯಾಲೆಂಡರ್ ಕೊಟ್ಟಿತು. 1957ರ ಮಾರ್ಚ್ 22, ಶಕ 1879ರ ಚೈತ್ರ 1ರಿಂದ ಜಾರಿ. ಗೆಜೆಟ್‌ನಲ್ಲಿ ಬರುತ್ತದೆ, ರಾಷ್ಟ್ರೀಯ ಪಂಚಾಂಗ ಕನ್ನಡದಲ್ಲೂ ಅಚ್ಚಾಗುತ್ತದೆ. ಯಾರು ಬಳಸುತ್ತಾರೆ? ನಿಮ್ಮ ಸ್ನೇಹಿತರಲ್ಲಿ ಒಬ್ಬರಿಗಾದರೂ ಇವತ್ತಿನ ಶಕ ತಾರೀಖು ಗೊತ್ತಾ? ಆ ಸಮಿತಿಯ ವಿಜ್ಞಾನದಲ್ಲಿ ಕೊರತೆ ಇರಲಿಲ್ಲ. ಸಹಾ ಅವರ ಬಗ್ಗೆ ನನಗೆ ಅಪಾರ ಗೌರವ ಇದೆ. ಆದರೆ ಆಫೀಸಿಗೆ ಬೇಕಾದದ್ದನ್ನು ಗ್ರೆಗೋರಿಯನ್ ಆಗಲೇ ಕೊಡುತ್ತಿತ್ತು, ಹಬ್ಬಕ್ಕೆ ಬೇಕಾದದ್ದನ್ನು ಮನೆಯ ಪಂಚಾಂಗ ಕೊಡುತ್ತಿತ್ತು. ಮೂರನೆಯದಕ್ಕೆ ಜಾಗವೇ ಇರಲಿಲ್ಲ. ಮೈಸೂರಿನ ಮನೆಯವರು ಒಂಟಿಕೊಪ್ಪಲ್ ಪಂಚಾಂಗ ಬಿಟ್ಟು ಸರ್ಕಾರದ್ದನ್ನು ಯಾಕೆ ಹಿಡಿಯಬೇಕು ಹೇಳಿ.

ಹೊರೆ ಅಂದಿರಲ್ಲ, ಅದಕ್ಕೂ ನನ್ನ ಅಭಿಪ್ರಾಯ ಬಿಚ್ಚಿ ಹೇಳುತ್ತೇನೆ. ಪಂಚಾಂಗದಲ್ಲಿ ಎರಡು ಪದರ ಇವೆ. ಗ್ರಹಗತಿಯ ಲೆಕ್ಕ ಒಂದು. ರಾಹುಕಾಲದಲ್ಲಿ ಹೊರಟರೆ ಕೆಲಸ ಕೆಡುತ್ತದೆ ಎನ್ನುವಂಥ ಫಲ ಇನ್ನೊಂದು. ಎರಡನೆಯದನ್ನು ನಾನು ನಂಬುವುದಿಲ್ಲ, ಅದಕ್ಕೆ ಆಧಾರ ಇಲ್ಲ. ಮೊದಲನೆಯದನ್ನು ಅದರ ಜೊತೆ ಸೇರಿಸಿ ಬಿಸಾಡುವುದು ಮಾತ್ರ ಅನ್ಯಾಯ. ಅದು ತನ್ನೊಳಗೇ ತಿದ್ದಿಕೊಳ್ಳುತ್ತಾ ಬಂದ ಲೆಕ್ಕ. ಕೇರಳದ ಪರಮೇಶ್ವರ ದಶಕಗಟ್ಟಲೆ ಗ್ರಹಣಗಳನ್ನು ನೋಡಿ, ಹಳೆಯ ಲೆಕ್ಕ ಆಕಾಶಕ್ಕೆ ಹೊಂದುತ್ತಿಲ್ಲ ಅಂತ ಕಂಡು, 1431ರಲ್ಲಿ ದೃಗ್ಗಣಿತ ಬರೆದ. ಬಾಗಲಕೋಟೆಯಲ್ಲಿ ಶಿಕ್ಷಕರಾಗಿದ್ದ ವೆಂಕಟೇಶ ಬಾಪೂಜಿ ಕೇತ್ಕರ್ ಯೂರೋಪಿನ ಹೊಸ ಖಗೋಳ ಗಣಿತವನ್ನು ಅರೆದು ಕುಡಿದು, ಅದನ್ನು ಪಂಚಾಂಗ ಮಾಡುವವರ ಕೈಗೆ ಸಿಗುವ ಹಾಗೆ ಗ್ರಂಥಗಳಾಗಿ ಬರೆದರು. ಶ್ರದ್ಧೆ ಇದ್ದವರೇ ಈ ಕೆಲಸ ಮಾಡಿದ್ದು. ಇನ್ನೂ ತಿದ್ದದೇ ಉಳಿದದ್ದೂ ಇದೆ. ಉತ್ತರಾಯಣ ಅಂತ ಸಂಕ್ರಾಂತಿ ಮಾಡುತ್ತೇವೆ, ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ 20 ನಿಮಿಷ ಉದ್ದ, ಸುಮಾರು 70 ವರ್ಷಕ್ಕೆ ಒಂದು ದಿನ ಸರಿಯುತ್ತದೆ. ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವೇ ಆಗಿತ್ತು. ಈಗ ಹಬ್ಬ 14 ಅಥವಾ 15ಕ್ಕೆ. ಇದನ್ನು ತಿದ್ದಬೇಕಾ ಬೇಡವಾ ಅಂತ ಹಬ್ಬ ಮಾಡುವವರು ನಿರ್ಧರಿಸಲಿ. ನನ್ನ ಕೋಡ್ ಅದನ್ನು ನಿರ್ಧರಿಸಬಾರದು.

ಹಳೆಯ ನಿಯಮ ಹೇಗೆ ಉಳಿಯುತ್ತದೆ ಅನ್ನುವುದಕ್ಕೆ ಯೆಹೂದ್ಯರದ್ದು ನನಗೆ ಬಹಳ ಹಿಡಿಸಿದ ಉದಾಹರಣೆ. ಹಿಂದೆ ಜೆರುಸಲೇಮಿನಲ್ಲಿ ಚಂದ್ರ ಕಂಡವರ ಸಾಕ್ಷಿ ಕೇಳಿ ತಿಂಗಳು ಸಾರುತ್ತಿದ್ದರು. ದೂರದ ಊರುಗಳಿಗೆ ದೂತರು ಮುಟ್ಟುವುದು ತಡವಾಗುತ್ತಿತ್ತು. ಯಾವುದಕ್ಕೂ ಇರಲಿ ಅಂತ ಅಲ್ಲಿಯವರು ಹಬ್ಬವನ್ನು ಎರಡು ದಿನ ಮಾಡುತ್ತಿದ್ದರು. ಆಮೇಲೆ 19 ವರ್ಷಕ್ಕೆ ಏಳು ಅಧಿಕ ಮಾಸದ ಸ್ಥಿರ ಲೆಕ್ಕ ಬಂತು, ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಎರಡನೇ ದಿನದ ಹಬ್ಬ ಮಾತ್ರ ಇಸ್ರೇಲಿನ ಹೊರಗಿನ ಸಂಪ್ರದಾಯಸ್ಥ ಮನೆಗಳಲ್ಲಿ ಇವತ್ತಿಗೂ ಇದೆ. ನೆಟ್‌ವರ್ಕ್ ನಿಧಾನ ಇದ್ದಾಗ ಮಾಡಿದ ವ್ಯವಸ್ಥೆ, ನೆಟ್‌ವರ್ಕ್ ಸರಿಹೋದ ಮೇಲೂ ಉಳಿದಿದೆ. ಅದು ಈಗ ಅವರ ಹಿರಿಯರ ನೆನಪು. ಬೇಡದ ಕೋಡ್ ಅಂತ ಅಳಿಸಲು ನಾವು ಯಾರು?

ಇನ್ನು ನಿಮ್ಮ ಮಂಗಳ ಗ್ರಹ. ಈ ವಿಷಯದಲ್ಲಿ ನಾನು ಓದಿದ ಅತ್ಯಂತ ಬುದ್ಧಿವಂತ ಸೈನ್ಸ್ ಫಿಕ್ಷನ್ ವರ್ನರ್ ವಿಂಜ್ ಅವರ 1999ರ ಕಾದಂಬರಿ, ಎ ಡೀಪ್‌ನೆಸ್ ಇನ್ ದ ಸ್ಕೈ. ವಿಂಜ್ ಸ್ಯಾನ್ ಡಿಯೇಗೊದಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿದ್ದವರು, ಕೋಡ್‌ನ ಒಳಗು ಹೊರಗು ಬಲ್ಲವರು. ಸಾವಿರಾರು ವರ್ಷ ಮುಂದೆ ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುವ ವ್ಯಾಪಾರಿಗಳು ದಿನ, ತಿಂಗಳು ಬಿಟ್ಟು ಬರೀ ಸೆಕೆಂಡಿನಲ್ಲಿ ಬದುಕುತ್ತಾರೆ. ಸಾವಿರ ಸೆಕೆಂಡು ಅಂದರೆ 16 ನಿಮಿಷ 40 ಸೆಕೆಂಡು, ಹತ್ತು ಲಕ್ಷ ಸೆಕೆಂಡು ಹನ್ನೊಂದೂವರೆ ದಿನ. ಅವರ ಎಣಿಕೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಕ್ಷಣದಿಂದ ಶುರು ಅಂತ ಜನ ನಂಬಿರುತ್ತಾರೆ. ನಿಜವಾಗಿ ಅದು ಒಂದು ಹಳೆಯ ಆಪರೇಟಿಂಗ್ ಸಿಸ್ಟಂನ ಸೊನ್ನೆ ಸೆಕೆಂಡ್, ಅಂದರೆ ನಮ್ಮ 1970ರ ಜನವರಿ 1. ಎರಡಕ್ಕೂ ಅಂತರ ಸುಮಾರು 1 ಕೋಟಿ 42 ಲಕ್ಷ ಸೆಕೆಂಡು. ನಾವು ಅನುಕೂಲಕ್ಕೆ ಆರಿಸಿದ ಬಿಂದುವಿನ ಸುತ್ತ ಅವರು ಒಂದು ಪುರಾಣವನ್ನೇ ಕಟ್ಟಿಕೊಂಡಿದ್ದಾರೆ. ಕಲಿಯುಗದ ಆರಂಭ ಬಿಂದುವಿಗೂ ಇದೇ ಆಗಿದೆ ಅಂತ ನನಗನಿಸುತ್ತದೆ. ಲೆಕ್ಕಕ್ಕೆ ಬೇಕಾಗಿ ಆರಿಸಿದ್ದು, ನಂಬಿಕೆಯ ಕೇಂದ್ರವಾಯಿತು. ಹಾಗಾಗಿ ಮುಂದೆ ಹೋದ ಹಾಗೆ ಇವೆಲ್ಲ ಬಿದ್ದುಹೋಗುತ್ತವೆ ಎನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಹೊಸ ಪದರ ಬರುತ್ತದೆ, ಹಳೆಯದು ಅದರ ಅಡಿಯಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ.

ಇದು ಬರೀ ಕಥೆಯಲ್ಲ. 2007ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಶೇಖ್ ಮುಸ್ಜಫರ್ ಶುಕೂರ್ ರಂಜಾನ್ ತಿಂಗಳಲ್ಲೇ ಅಂತರಿಕ್ಷ ನಿಲ್ದಾಣಕ್ಕೆ ಹೋದರು. ಅಲ್ಲಿ 24 ಗಂಟೆಯಲ್ಲಿ ಸುಮಾರು 16 ಸಲ ಸೂರ್ಯೋದಯ. ಐದು ಹೊತ್ತಿನ ನಮಾಜು ಹೇಗೆ? ಮಲೇಷ್ಯಾದ ಧರ್ಮಗುರುಗಳು, ವಿಜ್ಞಾನಿಗಳು ಕೂತು ಮೊದಲೇ ಮಾರ್ಗಸೂಚಿ ಬರೆದರು. ಹಾರಿದ ಜಾಗದ ಸಮಯ ಹಿಡಿಯಿರಿ, 24 ಗಂಟೆಗೆ ಐದು ಹೊತ್ತು. ಅದಕ್ಕೂ ಮೊದಲು 2003ರಲ್ಲಿ ಇಸ್ರೇಲಿನ ಗಗನಯಾತ್ರಿ ಇಲಾನ್ ರಾಮೋನ್, ಯೆಹೂದ್ಯರ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಬಗ್ಗೆ ರಬ್ಬಿಗಳನ್ನು ಕೇಳಿಕೊಂಡು ಹೋಗಿದ್ದರು. ಅವರಿಗೂ ಹೆಚ್ಚುಕಡಿಮೆ ಅದೇ ಉತ್ತರ, ಅಮೆರಿಕದಲ್ಲಿ ಅವರು ಹಾರಿದ ಕೇಪ್ ಕೆನವೆರಲ್‌ನ ಸಮಯ. ಧರ್ಮದವರು ಹೊಸ ಜಾಗಕ್ಕೆ ನಿಯಮ ಬರೆಯುವುದರಲ್ಲಿ ನಾವು ಅಂದುಕೊಂಡದ್ದಕ್ಕಿಂತ ಚುರುಕು. ಮಂಗಳದಲ್ಲಿ ಒಂದು ದಿನ 24 ಗಂಟೆ 39 ನಿಮಿಷ 35 ಸೆಕೆಂಡು. ಅಲ್ಲಿ ಸೂರ್ಯೋದಯ ಇದೆ, ಆದರೆ ನಮ್ಮ ಚಂದ್ರ ಬರೀ ಒಂದು ಚುಕ್ಕೆ. ಅಲ್ಲಿಗೆ ಹೋದ ಕನ್ನಡದವರು ಏಕಾದಶಿ ಬಿಡುವುದಿಲ್ಲ ಅಂತ ನನಗೆ ಖಾತ್ರಿ ಇದೆ. ಭೂಮಿಯ ತಿಥಿ ಹಿಡಿಯುತ್ತಾರೋ, ಬೆಂಗಳೂರಿನ ಸೂರ್ಯೋದಯ ನೋಡುತ್ತಾರೋ, ಅವರವರೇ ಜಗಳ ಮಾಡಿ ತೀರ್ಮಾನಿಸುತ್ತಾರೆ. ಆಮೇಲೆ ಯಾರೋ ಒಬ್ಬ ಪ್ರೋಗ್ರಾಮರ್ ಅದಕ್ಕೆ ಸೆಟ್ಟಿಂಗ್ ಸೇರಿಸುತ್ತಾನೆ.

ಈಗ ನಿಮ್ಮ ಆ್ಯಪ್‌ಗೆ ಬೇಕಾದ ಕೆಲಸದ ಮಾತು. ಆಗಿಹೋದ ಕ್ಷಣಗಳನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ, 64 ಬಿಟ್‌ನಲ್ಲಿ ಇಡಿ. ಮುಂದೆ ಆಗಬೇಕಾದದ್ದನ್ನು ಹಾಗೆ ಇಡಬೇಡಿ, ಸ್ಥಳೀಯ ಸಮಯ ಮತ್ತು ಊರಿನ ಹೆಸರು ಇಡಿ, ಯಾಕೆಂದರೆ ಸರ್ಕಾರಗಳು ಗಡಿಯಾರ ಬದಲಾಯಿಸುತ್ತವೆ. ನಮ್ಮಲ್ಲೂ ಬದಲಾಯಿಸಿವೆ. ಯುದ್ಧದ ಕಾಲದಲ್ಲಿ 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ಭಾರತದ ಗಡಿಯಾರ ಒಂದು ಗಂಟೆ ಮುಂದಿತ್ತು. ಕಂಪ್ಯೂಟರ್‌ಗಳೆಲ್ಲ ಬಳಸುವ ಟೈಮ್ ಝೋನ್ ಡೇಟಾಬೇಸ್‌ನಲ್ಲಿ ಏಷ್ಯಾ ಕೋಲ್ಕತಾ ಎನ್ನುವ ಕಡೆ ಇದು ದಾಖಲಾಗಿದೆ. 1943ರಲ್ಲಿ ಹುಟ್ಟಿದವರ ಜಾತಕ ಬರೆಯುವ ಹಳಬರಿಗೂ ಒಂದು ಗಂಟೆ ಕಳೆಯಬೇಕು ಅಂತ ಗೊತ್ತು. ಹಬ್ಬಗಳನ್ನು ಮಾತ್ರ ತಾರೀಖಾಗಿ ಡೇಟಾಬೇಸ್‌ಗೆ ತುಂಬಲೇಬೇಡಿ. ನಿಯಮವಾಗಿ ಇಡಿ. ಮಾಸ, ಪಕ್ಷ, ತಿಥಿ, ಯಾವ ಹೊತ್ತಿಗೆ ಆ ತಿಥಿ ಇರಬೇಕು, ಸೌರವೋ ಚಾಂದ್ರವೋ, ಅಧಿಕ ಮಾಸದಲ್ಲಿ ಬಂದರೆ ಏನು, ಇಷ್ಟು ಸಾಕು. ತಾರೀಖನ್ನು ಕೇಳಿದಾಗ ಲೆಕ್ಕ ಹಾಕಿ. ಸ್ಮಾರ್ತ, ಮಾಧ್ವ, ಶ್ರೀವೈಷ್ಣವ ಅಂತ ಬಳಸುವವರೇ ಆರಿಸಿಕೊಳ್ಳಲಿ, ದೃಗ್ಗಣಿತವೋ ಸೂರ್ಯಸಿದ್ಧಾಂತವೋ ಅದನ್ನೂ ಅವರೇ ಆರಿಸಲಿ. ಯಾವುದಕ್ಕೂ ಸರಿ ಅಂತ ಹಸಿರು ಗುರುತು ಹಾಕಬೇಡಿ. ಈದ್‌ಗೆ ಲೆಕ್ಕದ ದಿನ ತೋರಿಸಿ, ಪಕ್ಕದಲ್ಲಿ ಚಂದ್ರದರ್ಶನಕ್ಕೆ ಒಳಪಟ್ಟಿದೆ ಅಂತ ಬರೆಯಿರಿ, ಆ ಊರಿನ ಘೋಷಣೆ ಬಂದ ಮೇಲೆ ಬದಲಾಯಿಸಲು ದಾರಿ ಇಟ್ಟಿರಿ.

ಊರಿನ ಆಯ್ಕೆಯಲ್ಲಿ ಒಂದು ಸಂಗತಿ ಮರೆಯಬೇಡಿ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದವರಿಗೆ ಸೂರ್ಯೋದಯ ಬೆಂಗಳೂರಿಗಿಂತ ಹನ್ನೆರಡರಿಂದ ಹದಿನಾಲ್ಕು ಗಂಟೆ ತಡ. ಅಷ್ಟರಲ್ಲಿ ಎಷ್ಟೋ ಸಲ ತಿಥಿ ಬದಲಾಗಿರುತ್ತದೆ. ಕೆಲವರು ಅಲ್ಲಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿದ ಪಂಚಾಂಗ ನೋಡುತ್ತಾರೆ. ಇನ್ನು ಕೆಲವರು ಊರಲ್ಲಿ ಅಮ್ಮ ಯಾವ ದಿನ ಮಾಡುತ್ತಾರೋ ನಮಗೂ ಅದೇ ದಿನ ಅನ್ನುತ್ತಾರೆ. ಹಾಗಾಗಿ ಫೋನಿನ ಜಿಪಿಎಸ್ ನೋಡಿ ನೀವೇ ಊರು ತುಂಬಿಬಿಡಬೇಡಿ. ಯಾವ ಊರಿನ ಸೂರ್ಯೋದಯ ಹಿಡಿಯಲಿ ಅಂತ ಅವರನ್ನೇ ಕೇಳಿ.